ಮಾಳಿಗೆಯ ಮೇಲಿನ ಹಲ್ಲು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಒಂದೆರಡು ಡ್ರಾಫ್ಟ್ ಹರಿದು ಹಾಕಿದ್ದೇನೆ (ಸುಳ್ಳು, ಡಿಲೀಟ್ ಮಾಡಿದ್ದೇನೆ. ಹರಿಯುವ ಸುಖ ಈಗ ಯಾರಿಗಿದೆ). ಮೊದಲನೆಯದು ನನ್ನ ಡೆಂಟಿಸ್ಟಿನ ಕುರ್ಚಿಯಿಂದ ಶುರುವಾಗಿತ್ತು. ಹೋದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಕೂರಿಸೋಣವೇ, ಬ್ರಿಜ್ ಕಟ್ಟೋಣವೇ, ತೆಗೆದಿಡುವ ಸೆಟ್ ಸಾಕೇ ಎಂದು ಆಕೆ ಕೇಳುತ್ತಿದ್ದಳು. ನಾನು ಬಾಯಿ ತೆರೆದುಕೊಂಡು ಈ ಕಥೆಯ ನಾಯಕ, ಕೊಪ್ಪಳ ಸೀಮೆಯ ಹೊಳಿಯಪ್ಪನನ್ನು ನೆನೆಯುತ್ತಿದ್ದೆ. ನನ್ನ ಬಾಯಿಯ ಸುದ್ದಿ ಯಾರಿಗೆ ಬೇಕು ಅಂತ ಅದನ್ನು ಬಿಟ್ಟೆ.

ಎರಡನೆಯದು ಜೋರಾಗಿತ್ತು. ೧೯೪೬, ನಿಜಾಮರ ರಾಜ್ಯ, ಊರೂರಲ್ಲಿ ಗುಲ್ಲು, ರಜಾಕಾರನೊಬ್ಬನ ಲಾಠಿ ಏಟಿಗೆ ಹೊಳಿಯಪ್ಪನ ಮುಂದಿನ ಹಲ್ಲು ಹಾರುತ್ತದೆ. ಪ್ರಶಸ್ತಿಗೆ ಕಳಿಸಬಹುದಾದ ಏಟು. ಹೊಳಿಯಪ್ಪ ಒಪ್ಪಲಿಲ್ಲ.

"ನನಗ ಯಾರೂ ಹೊಡದಿಲ್ರಿ. ಹಲ್ಲು ಮೊದಲ ಅಳ್ಳಾಡತಿತ್ತು. ಹುರಗಡ್ಲ್ಯಾಗ ಹರಳ ಇತ್ತು, ಕಡದೆ, ಬುಡಸಮೇತ ಬಂತು."

"ಹುರಿಗಡಲೆಯಿಂದ ಕಥೆ ಆಗುವುದಿಲ್ಲ ಹೊಳಿಯಪ್ಪ."

"ಆಗದಿದ್ರ ಬಿಡ್ರಿ. ಬರೀರಿ ಅಂತ ನಾ ಬಂದಿದ್ನೇನು?"

೨

ಸರಿ, ಹುರಿಗಡಲೆಯೇ ಇರಲಿ.

ಕುಷ್ಟಗಿಗೂ ಯಲಬುರ್ಗಿಗೂ ನಡುವಿನ ಒಂದು ಹಳ್ಳಿ. ಹೊಳಿಯಪ್ಪ ಅಲ್ಲಿ ಕಂಬಳಿ ನೇಯುವವನು, ಮೊಹರಮ್ ಬಂದರೆ ಶೋಕದ ರಿವಾಯತ್ ಪದ ಹಾಡುವವನು. ಹಬ್ಬಕ್ಕೆ ಬೆಂಕಿ ಹಾಕುವ ಅಲಾಯಿ ಕುಣಿಯ ಬದಿಗೆ ಹಾಡುವವರ ಎರಡು ಸಾಲು ಎದುರುಬದುರು ನಿಲ್ಲುತ್ತವೆ. ಒಂದರ ಮುಂದೆ ಹೊಳಿಯಪ್ಪ, ಇನ್ನೊಂದರ ಮುಂದೆ ಅವನ ಗೆಳೆಯ ಬಾಬಾಸಾಬ. ಕರ್ಬಲಾದ ಯುದ್ಧದಲ್ಲಿ ನೀರು ಬೇಡುತ್ತಲೇ ಸತ್ತ ಹಸುಗೂಸಿನ ಪದ ಹೊಳಿಯಪ್ಪನ ಪಾಲಿಗೆ. ಅವನು ಅದನ್ನು ಎತ್ತಿದರೆ ಊರಿಗೆ ಊರೇ ಅಳುತ್ತಿತ್ತು.

ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತೊಂದಿತ್ತು. ಹೊಳಿಯಪ್ಪನಿಗೂ ಅವನ ಹೆಂಡತಿ ಫಕೀರಮ್ಮನಿಗೂ ಒಂದು ಗಂಡುಕೂಸು ಹುಟ್ಟಿ, ಹಲ್ಲು ಮೂಡುವ ಮೊದಲೇ ಹೋಗಿಬಿಟ್ಟಿತ್ತು. ಅಂದಿನಿಂದ ಫಕೀರಮ್ಮ ಮನೆಯಲ್ಲಿ ಅದರ ಹೆಸರು ಎತ್ತಗೊಡಲಿಲ್ಲ. ಆ ಪದ ಕೇಳಲೂ ಹೋಗುತ್ತಿರಲಿಲ್ಲ. ಹೊಳಿಯಪ್ಪನಿಗೆ ಮಗನಿಗಾಗಿ ಅಳಲು ವರ್ಷಕ್ಕೆ ಒಂದು ದಿನ, ಒಂದು ಪದ ಇತ್ತು, ಅಷ್ಟೇ.

ಹಲ್ಲು ಬಿದ್ದದ್ದು ಬೇಸಿಗೆಯಲ್ಲಿ. ಮಳೆಗಾಲ ಕಳೆದು ತಾಲೀಮು ಶುರುವಾದಾಗ ಗೊತ್ತಾಯಿತು, ಎಳೆದು ನಿಲ್ಲಿಸಬೇಕಾದ ಸೊಲ್ಲು ನಿಲ್ಲುವುದೇ ಇಲ್ಲ, ಉಸಿರೆಲ್ಲ ಸಂದಿಯಿಂದ ಹೊರಗೆ. ಕೂಸು ನೀರು ಕೇಳುವ ಕಡೆ ಅವನ ಬಾಯಿಂದ ಸಿಳ್ಳು ಬಂತು. ಮೊದಲು ಒಬ್ಬ ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದಳು. ಆಮೇಲೆ ಎಲ್ಲರೂ ನಕ್ಕರು. ಬಾಬಾಸಾಬನೂ ನಕ್ಕ, ನಕ್ಕು ಮಾರಿ ತಿರುಗಿಸಿಕೊಂಡ.

"ನನಗ ನಕ್ಕಿದ್ರ ನಗವಲ್ಲರ್‍ಯಾಕ," ಎಂದ ಹೊಳಿಯಪ್ಪ, ಮನೆಗೆ ಬಂದು, ಗೋಡೆಗೆ. "ಕೂಸಿಗೆ ನಕ್ಕರಲ್ಲ."

೩

ಈಗ ಆಯ್ಕೆಗಳು. (ಡೆಂಟಿಸ್ಟ್ ಆದರೆ ಬಣ್ಣದ ಚಾರ್ಟ್ ತೋರಿಸುತ್ತಾಳೆ. ನನ್ನ ಹತ್ತಿರ ಕಾಲುದಾರಿ ಮಾತ್ರ ಇದೆ. ಹೈದರಾಬಾದಿಗೆ ಕಳಿಸೋಣವೆಂದರೆ, ಅವನು ಕೊಪ್ಪಳದ ಸ್ಟೇಷನ್ನನ್ನೂ ಸರಿಯಾಗಿ ನೋಡಿದವನಲ್ಲ.)

ಬಂಗಾರದ ಹಲ್ಲು ಉಂಟು, ಸಾಹುಕಾರರು ಇಟ್ಟುಕೊಳ್ಳುತ್ತಾರೆ. ಬಾಯಲ್ಲಿ ಬಂಗಾರ ಹೊಳೆಸಿಕೊಂಡು ಬಾಯಾರಿ ಸತ್ತವರ ಪದ ಹಾಡುವುದು ಹೇಗೆ? ನಾನೇ ಹೊಡೆದುಹಾಕಿದೆ.

ಹೊಳಿಯಪ್ಪ ಕಿನ್ನಾಳಕ್ಕೆ ನಡೆದ. ಅಲ್ಲಿ ಮರದಲ್ಲಿ ದೇವರನ್ನು ಮಾಡುವ ಚಿತ್ರಗಾರ ಅಂದಪ್ಪ ಅವನ ಬಾಯೊಳಗೆ ಇಣುಕಿ ನೋಡಿ, "ಇದೇನ ಮಹಾ, ಮಾಡಿಕೊಡತೀನಿ ಕೂಡು" ಅಂದ. ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟು ಸರಿ ಬಳಿದು, ಒಣಗಿಸಿ, ಮೇಲೆ ದೇವರಿಗೆ ಹಚ್ಚುವ ಬಿಳಿ ಬಣ್ಣ ಹಚ್ಚಿ, ಸಂದಿಯಲ್ಲಿ ಕೂರಿಸಿದ. ಉಳಿದ ಹಲ್ಲುಗಳಿಗೆ ನಾಚಿಕೆಯಾಗುವಷ್ಟು ಚಂದದ ಹಲ್ಲು. ಊರು ಮುಟ್ಟುವಷ್ಟರಲ್ಲಿ ಅದು ನೆನೆದು ಉಬ್ಬಿ, ಬಾಯೆಲ್ಲ ಹುಣಸೆ ಬೀಜದ ಗಂಜಿ. ಮತ್ತೆ ಹೋಗಿ ತೋರಿಸಿದಾಗ ಅಂದಪ್ಪ ತಲೆ ಮೇಲೆ ಕೈ ಇಟ್ಟುಕೊಂಡು ಕೂತ.

"ತಪ್ಪಾತೋ ಹೊಳಿಯಪ್ಪ. ಹುಟ್ಟಿದಾಗಿಂದ ಬರೇ ದೇವರ ಬಾಯಿ ಮಾಡೀನಿ. ದೇವರ ಬಾಯಾಗ ಉಗುಳು ಇರಂಗಿಲ್ಲ."

(ಇಲ್ಲಿ ನಾನು ನಕ್ಕುಬಿಟ್ಟೆ. ಹೊಳಿಯಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಈ ಸಾಲು ತೆಗೆಯಬೇಕು, ಮರೆಯಬಾರದು.)

ಕಡೆಗೆ ಗಂಗಾವತಿಯ ಸಂತೆ. ಹಲ್ಲು ಕೀಳುವ ಶಬ್ಬೀರಸಾಬ ಚಾಪೆಯ ಮೇಲೆ ಹಲ್ಲು ರಾಶಿ ಹಾಕಿಕೊಂಡು ಕೂತಿದ್ದ.

"ಯಾರವ್ರಿ ಇವು?"

"ಕೇಳಬ್ಯಾಡ. ನಿನಗ ಕೂಡೋದು ಆರಿಸಿಕೋ."

ಹೊಳಿಯಪ್ಪ ಒಂದನ್ನೂ ಮುಟ್ಟಲಿಲ್ಲ. ಶಬ್ಬೀರಸಾಬ ಒಳ್ಳೆಯವನು, ಬೇಸರ ಮಾಡಿಕೊಳ್ಳಲಿಲ್ಲ. "ಹಂಗಾರ ನಿಂದ ತಗೊಂಡು ಬಾ, ಬಿದ್ದದ್ದು. ಬೇರು ತಿಕ್ಕಿ ತಗದು, ಬೆಳ್ಳಿ ತಂತೀಲೆ ಎಡಬಲದ ಹಲ್ಲಿಗೆ ಕಟ್ಟಿಕೊಡತೀನಿ. ಖಾಸ್ ನಿನ್ನ ಹಲ್ಲು. ಹಾಡಾಕ ಇದಕ್ಕಿಂತ ಛಲೋ ಇನ್ನೊಂದಿಲ್ಲ."

ಹೊಳಿಯಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವನನ್ನು ಅಷ್ಟು ಖುಷಿಯಲ್ಲಿ ನಾನು ಕಂಡದ್ದು ಇದೊಂದೇ ಸಲ.

೪

"ನನ್ನ ಹಲ್ಲು ಎಲ್ಲೈತಿ?"

ಫಕೀರಮ್ಮ ರೊಟ್ಟಿ ಬಡಿಯುತ್ತಿದ್ದಳು. "ಮಾಳಿಗಿ ಮ್ಯಾಲ ಒಗದೀನಿ."

ಆ ಕಡೆ ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಒಗೆಯುತ್ತಾರೆ, ಹೊಸ ಹಲ್ಲು ಬರಲಿ ಅಂತ. ಮಕ್ಕಳದು. ತಲೆ ನರೆತ ಗಂಡನದಲ್ಲ. ಅದೂ ಸಾಲದೆಂಬಂತೆ, ಮಳೆಗೆ ಮುಂಚೆ ಎಲ್ಲರ ಹಾಗೆ ಹೊಳಿಯಪ್ಪನೂ ಸೋರದಿರಲೆಂದು ಮಣ್ಣಿನ ಮಾಳಿಗೆಗೆ ಸವುಳು ಮಣ್ಣು ಹೊದಿಸಿ, ನೀರು ಚಿಮುಕಿಸಿ ತುಳಿದಿದ್ದ. ತನ್ನ ಹಲ್ಲನ್ನು ತಾನೇ ಹೂತಿದ್ದ.

"ತಲಿ ನೆಟ್ಟಗೈತೇನು ನಿಂದು? ನಾ ಏನು ಕೂಸೇನು?"

ಅವಳು ಇನ್ನೊಂದು ರೊಟ್ಟಿ ಬಡಿದಳು. ಅವನು ಸಲಿಕೆ ಹಿಡಿದು, ಏಣಿ ಹಾಕಿ ಅರ್ಧ ಹತ್ತಿದ. ಆಗ ಅವಳು ಹಿಟ್ಟಿನ ಕೈಯಲ್ಲೇ ಬಂದು ಏಣಿ ಹಿಡಿದಳು.

"ಅಗೀಬ್ಯಾಡ್ರಿ."

"ನನ್ನ ಹಲ್ಲು ಅದು."

"ಅಲ್ಲ. ಒಗಿಯುವಾಗ ಅವನ ಹೆಸರು ಹಿಡದು ಒಗದೀನಿ. ನಮ್ಮ ಮಾಳಿಗಿ ಮ್ಯಾಲೂ ಒಂದಾದ್ರೂ ಹಾಲುಹಲ್ಲು ಬೀಳಬೇಕಿತ್ತು. ಅವಂದು ಮೂಡಲೇ ಇಲ್ಲ. ಕೈಯಾಗ ನಿಮ್ಮದು ಇತ್ತು. ಒಗದೆ."

ಮತ್ತೆ ಮಗನ ಹೆಸರನ್ನೂ ಅಂದಳು. ಅದನ್ನು ನಾನು ಬರೆಯುವುದಿಲ್ಲ. ಕೇಳಬೇಕಾದವನು ಕೇಳಿದ.

ಹೊಳಿಯಪ್ಪ ಏಣಿಯ ಮೇಲಿಂದ ತಲೆಯೆತ್ತಿ ನೋಡಿದ. ಮಾಳಿಗೆಯ ಮೇಲೆ ಮಳೆಗೆ ಎದ್ದಿದ್ದ ಹುಲ್ಲು ಆಗಲೇ ಒಣಗಿತ್ತು. ಆಮೇಲೆ ಸಲಿಕೆಯನ್ನು ಕೆಳಗೆ ಚಾಚಿದ. ಅವಳು ತಗೊಂಡಳು.

೫

ಕಥೆಗಾರನಾಗಿ ನನ್ನ ಹತ್ತಿರ ಎಂಡಿಂಗುಗಳಿಗೆ ಬರವಿಲ್ಲ. ಕೂಸಿನ ಪದವನ್ನು ಬಾಬಾಸಾಬನೇ ಹಾಡಲಿ ಅಂತ ಬರೆದೆ. ಬಾಬಾಸಾಬ ಒಲ್ಲೆ ಅಂದ. "ನಾ ಹಾಡಿದ್ರ ಅದು ಬರೇ ಪದ. ಅವನ ಸಂಕಟ ನನಗ ಎಲ್ಲಿಂದ ಬರಬೇಕು?"

ಹಾಗಾದರೆ ಹೊಳಿಯಪ್ಪ ಹಲ್ಲಿಲ್ಲದೆಯೇ ಹಾಡಲಿ, ಆ ಸಿಳ್ಳೇ ಕೂಸಿನ ಅಳುವಾಗಲಿ, ನಗಬೇಕೆಂದು ಬಂದವರು ಗೊಳೋ ಎಂದು ಅಳಲಿ. ಇದನ್ನು ಚೆನ್ನಾಗಿ ಬರೆದೆ, ಹೆಮ್ಮೆಯಿಂದ ಓದಿ ಹೇಳಿದೆ.

"ಚಂದ ಐತ್ರಿ," ಎಂದ ಹೊಳಿಯಪ್ಪ. "ಆದ್ರ ನೀವು ನಮ್ಮೂರ ಮಂದೀನ ನೋಡಿಲ್ಲ. ಅವರು ಕೆಟ್ಟವರಲ್ಲ. ನಗಿ ಬಂದ್ರ ನಗತಾರ."

"ಹಾಗಾದರೆ ಈ ವರ್ಷ ಹೋಗಲೇಬೇಡ."

"ಹೋಗದಿದ್ರ ಅವನಿಗೆ ಯಾರು ಅಳಬೇಕ್ರಿ?"

ಆ ಡ್ರಾಫ್ಟನ್ನೂ ಡಿಲೀಟ್ ಮಾಡಿದೆ.

೬

ಮೊಹರಮ್ಮಿನ ಕಡೆಯ ದಿನ, ಅಲಾಯಿ ದೇವರನ್ನು ನೀರಿಗೆ ಕಳಿಸುವ ದಿನ, ಇಳಿಹೊತ್ತು. ಬಾಬಾಸಾಬ ಓಣಿಯಲ್ಲಿ ನಿಂತು ಕರೆಯುತ್ತಿದ್ದಾನೆ. "ಹೊಳಿಯಪ್ಪ, ಹೊತ್ತಾತು ಬಾ." ಹೊಳಿಯಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಹೊರಬಂದ. ಹಿಂದೆಯೇ ಫಕೀರಮ್ಮ ಬಾಗಿಲು ಎಳೆದುಕೊಂಡಳು.

"ನೀ ಎಲ್ಲಿಗೆ?"

"ಅಲ್ಲಿಗೇ. ನಗೋರು ನನ್ನ ಮಾರಿ ನೋಡಿ ನಗಲಿ."

ಅಲಾಯಿ ಕುಣಿಯ ಸುತ್ತ ಜನ ಕಿಕ್ಕಿರಿದಿದೆ. ಎರಡು ಸಾಲೂ ನಿಂತಾಯಿತು. ಹೆಂಗಸರ ನಡುವೆ ಫಕೀರಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾಳೆ. ಮುಂದಿನ ವಾಕ್ಯ ಏನೆಂದು ನನಗೆ ಗೊತ್ತು, ನಿಮಗೂ ಗೊತ್ತು. ಬರೆಯಲು ಕೈ ಬರುತ್ತಿಲ್ಲ, ಒತ್ತಾಯ ಮಾಡಬೇಡಿ. ಹೊಳಿಯಪ್ಪ ಕೈ ಇಳಿಸಿ, ಉಸಿರು ಎಳೆದುಕೊಂಡು, ಬಾಯಿ ತೆರೆದಿದ್ದಾನೆ. ನಾನು ಇಲ್ಲೇ ನಿಲ್ಲಿಸಿದರೆ ಇನ್ನೂ ಯಾರೂ ನಕ್ಕಿಲ್ಲ.