ಗಂಜಿ ಡಬ್ಬಕ್ಕೆ ಬಿದ್ದ ಬೀಗ

ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆಗೆ ಹಾಕುವ ಗಂಜಿ ಪುಡಿಯ ಡಬ್ಬ ಬೇಗ ಬೇಗ ಖಾಲಿಯಾಗುತ್ತಿತ್ತು. ಇಲಿಯ ಕೆಲಸ ಎಂದು ಅತ್ತೆ ಬೋನು ಇಟ್ಟರು. ಬೋನಿಗೆ ಏನೂ ಬೀಳಲಿಲ್ಲ, ಯಾಕೆಂದರೆ ತಿನ್ನುತ್ತಿದ್ದವಳು ತುಂಬು ಬಸುರಿ ಸೊಸೆ.

ಪುಡಿಯೊಳಗಿನ ಗಟ್ಟಿ ಉಂಡೆ ಹಲ್ಲಿನಡಿ ಪುಡಿಯಾದರೇ ಅವಳ ಜೀವಕ್ಕೆ ಸಮಾಧಾನ. ತಿಂದ ಮೇಲೆ ಮಾತ್ರ ಎದೆ ಡವಡವ. ಹೊಟ್ಟೆಯಲ್ಲಿರುವ ಕೂಸಿಗೆ ಏನಾದೀತೋ? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಅದನ್ನೂ ಯಾರಲ್ಲೂ ಬಾಯಿಬಿಡಲಿಲ್ಲ.

ಅವತ್ತು ಬೆಳಿಗ್ಗೆಯಿಂದ ಮಗು ಒದೆಯಲಿಲ್ಲ. ಇಸ್ತ್ರಿ ಮಾಡುತ್ತಿದ್ದವಳಿಗೆ ಕಣ್ಣು ಕತ್ತಲಿಟ್ಟಿತು. ಸುಟ್ಟ ವಾಸನೆಗೆ ಅತ್ತೆ ಓಡಿಬಂದಾಗ ಅವಳು ನೆಲದ ಮೇಲಿದ್ದಳು, ತುಟಿಯ ಮೇಲೆ ಬಿಳಿ ಪುಡಿ.

"ಅಯ್ಯೋ, ಏನ್ ತಿಂದ್ಯೇ?"

"ಗಂಜಿ ಪುಡಿ, ಅತ್ತೆ... ಮಗು ಅಲ್ಲಾಡ್ತಿಲ್ಲ."

ಪಕ್ಕದ ಬೀದಿಯ ನರ್ಸಮ್ಮ ಬಂದು ಹೊಟ್ಟೆಗೆ ಕಿವಿಗೊಟ್ಟರು.

"ಬಡಿತ ಇದೆ. ಆದ್ರೂ ಈಗ್ಲೇ ಆಸ್ಪತ್ರೆಗೆ ನಡೀರಿ. ಕಣ್ಣಲ್ಲಿ ರಕ್ತಾನೇ ಇಲ್ಲ."

ಗಾಡಿಯಲ್ಲಿ ಅತ್ತೆ ಜೊತೆಗೆ ಬಂದ ನರ್ಸಮ್ಮನನ್ನು ಕೇಳಿದರು. "ಬಸುರಿ ಬಯಕೆ, ಅಷ್ಟೇ ಅಲ್ವಾ? ಆಲೂಗಡ್ಡೆಯಿಂದ ಮಾಡಿದ ಪುಡಿ ವಿಷಾನಾ?"

"ಅದು ಪಿಷ್ಟ ಕಣಮ್ಮ. ಗಿಡ ಸಕ್ಕರೆ ಕಣಗಳನ್ನ ಮಣಿಸರದ ಹಾಗೆ ಪೋಣಿಸಿ ಕಾಳಲ್ಲಿ, ಗೆಡ್ಡೆಯಲ್ಲಿ ಕೂಡಿಡುತ್ತೆ. ನಿಮ್ಮ ಹತ್ತಿ ಬಟ್ಟೆಯ ನಾರೂ ಅಂಥದ್ದೇ ಸರ, ಆದ್ರೆ ಅದನ್ನ ಬಿಡಿಸೋಕೆ ನಮ್ಮ ಹೊಟ್ಟೆಗೆ ಆಗಲ್ಲ. ನಮ್ಮ ಲಿವರ್‌ನಲ್ಲೂ ಹಸಿವಿನ ಹೊತ್ತಿಗೆ ಅಂತ ಇನ್ನೊಂದು ಬಗೆಯ ಸರ ಇರುತ್ತೆ."

"ಮತ್ತೆ ತಿಂದ್ರೇನು?"

"ಅದ್ರಲ್ಲಿ ಬರೀ ಶಕ್ತಿ ಇದೆ, ರಕ್ತಕ್ಕೆ ಬೇಕಾದ ಕಬ್ಬಿಣ ಇಲ್ಲ. ಕಬ್ಬಿಣ ಇಳಿದಾಗ್ಲೇ ಎಷ್ಟೋ ಸಲ ಇಂಥ ಹುಚ್ಚು ಬಯಕೆ ಬರೋದು. ಪುಡಿಯಲ್ಲೇ ಹೊಟ್ಟೆ ತುಂಬಿದ್ರೆ ಊಟ ಸೇರಲ್ಲ, ರಕ್ತ ಇನ್ನೂ ಇಳಿಯುತ್ತೆ. ಬಟ್ಟೆಯ ಪುಡಿಗೆ ಏನೇನು ಬೆರೆಸಿರ್ತಾರೋ! ಹೀಗೇ ಬಿಟ್ರೆ ಹೆರಿಗೇಲಿ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು."

ಅತ್ತೆ ಸೊಸೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತರು. ಆಸ್ಪತ್ರೆಯ ಪರೀಕ್ಷೆಯಲ್ಲಿ ರಕ್ತ ತೀರಾ ಕಡಿಮೆ ಎಂದೇ ಬಂತು. ಸೊಸೆಯ ಕೈಗೆ ಸೂಜಿ ಚುಚ್ಚಿ ಕಬ್ಬಿಣದ ಔಷಧಿ ಏರಿಸುತ್ತಿದ್ದಾಗ, ಅವಳ ಹೊಟ್ಟೆಯ ಮೇಲೆ ಕೈಯಿಟ್ಟಿದ್ದ ಅತ್ತೆ ಬೆಚ್ಚಿಬಿದ್ದರು.

"ಒದೀತು ಕಣೇ! ನನ್ನ ಕೈಗೇ ಒದೀತು!"

ಇಬ್ಬರೂ ಅತ್ತರು. ಮನೆಗೆ ಮರಳಿದ ದಿನವೇ ಗಂಜಿ ಡಬ್ಬಕ್ಕೆ ಬೀಗ ಬಿತ್ತು. ಹೆರಿಗೆಯವರೆಗೂ ಸೊಸೆಯ ಭಯ ಪೂರ್ತಿ ಹೋಗಲಿಲ್ಲ. ಆದರೆ ಈಗ ಅದನ್ನು ಅತ್ತೆಗೆ ಹೇಳಿಕೊಳ್ಳುತ್ತಿದ್ದಳು.

ನಿಮ್ಮ ಮನೆಯ ಬಸುರಿ ಗಂಜಿ ಪುಡಿ, ಮಣ್ಣು, ಸೀಮೆಸುಣ್ಣ ತಿನ್ನುತ್ತಿದ್ದಾಳೆಯೇ? ಗದರಬೇಡಿ, ನಗಬೇಡಿ. ಇವತ್ತೇ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಮಗುವಿನ ಒದೆತ ಕಡಿಮೆಯಾದರೆ ನಾಳೆವರೆಗೆ ಕಾಯದೆ ಆಸ್ಪತ್ರೆಗೆ ಓಡಿ.