ಸೋರಿದರೆ ವಾಯ್ಸ್ ಹಾಕಿ

ಗಲ್ಫಿನ ಅಜ್ಮಾನಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಕಂಡವರ ಗಾಲಿಯ ಮೇಲೆ ಓಡುವ ಮನೆಗಳನ್ನು ರಿಪೇರಿ ಮಾಡಿದ ಅಬ್ದುಲ್ ರವೂಫ್‌ಗೆ ಸ್ವಂತ ಮನೆಯಲ್ಲಿ ಮಾಡಲು ಒಂದು ಕೆಲಸವೂ ಇರಲಿಲ್ಲ. ಕಂಪೆನಿ ಮುಚ್ಚಿ, ವೀಸಾ ಮುಗಿದು, ಸಿದ್ಧಕಟ್ಟೆಯ ಈ ಮನೆಗೆ ಅವನು ಕಾಯಂ ಆಗಿ ಬಂದು ಕೆಲವು ತಿಂಗಳಾಗಿತ್ತು. ನಲ್ಲಿ ಸೋರುತ್ತಿರಲಿಲ್ಲ, ಫ್ಯಾನು ಸದ್ದು ಮಾಡುತ್ತಿರಲಿಲ್ಲ, ಬಾಗಿಲುಗಳು ಹೇಳಿದ ಮಾತು ಕೇಳುತ್ತಿದ್ದವು. ಇಂಥ ಮನೆ ಇರುವುದು ಪುಣ್ಯ ಎಂದು ನೆಂಟರು ಹೇಳುತ್ತಿದ್ದರು. ನೆಂಟರಿಗೇನು, ಚಾ ಕುಡಿದು ಹೋಗುವವರು.

ಕೈ ಸುಮ್ಮನಿರದೆ ಅವನು ಅಂಗಳಕ್ಕೊಂದು ವ್ಯಾನು ತಂದು ನಿಲ್ಲಿಸಿದ್ದ. ಮೂಡುಬಿದಿರೆಯ ಟೂರಿಸ್ಟ್ ಗಾಡಿಯವನೊಬ್ಬ ಓಡಿಸಿ ಓಡಿಸಿ ಸಾಕಾಗಿ ಮಾರಿದ ಗಾಡಿ ಅದು. ಸೀಟುಗಳನ್ನು ಕಿತ್ತು, ಇಬ್ಬರು ಮಲಗುವಷ್ಟು ಮಂಚ, ಪಾತ್ರೆ ತೊಳೆಯಲು ಸಿಂಕು, ಒಂದು ಒಲೆ, ತಲೆಯ ಮೇಲಿನ ಮಾಡಿನಲ್ಲಿ ಗಾಳಿ ಹೋಗಲು ಮುಚ್ಚಳವಿರುವ ಕಿಂಡಿ, ಎಲ್ಲವನ್ನೂ ತಾನೇ ಕೂರಿಸಿದ್ದ. ಅಲ್ಲಿ ಅರಬಿಗಳು ಚಳಿಗಾಲದಲ್ಲಿ ಮರಳುಗಾಡಿಗೆ ಎಳೆದುಕೊಂಡು ಹೋಗುವ ಕ್ಯಾರವಾನುಗಳ ಅಡಿಯಲ್ಲಿ ಮಲಗಿ ನಟ್ಟು ತಿರುಗಿಸುವಾಗೆಲ್ಲ, ತಾನೂ ಹೆಂಡತಿ ಜುಲೈಕಾಳೂ ಒಂದು ದಿನ ಹೀಗೆ ಹೊರಡಬೇಕು ಎಂದು ಅವನು ಲೆಕ್ಕ ಹಾಕಿದ್ದ. ಜುಲೈಕಾ ಮಾತ್ರ ಮಂಚ ಕೂರಿಸಿದ ದಿನ ಒಮ್ಮೆ ಗಾಡಿ ಹತ್ತಿ, ಮಂಚವನ್ನು ಅಂಗೈಯಲ್ಲಿ ಒತ್ತಿ ನೋಡಿ, "ಚಂದ ಉಂಟು" ಎಂದು ಇಳಿದವಳು ಮತ್ತೆ ಹತ್ತಿರಲಿಲ್ಲ.

ಮಗಳು ಆಫ್ರಾ ಬೆಳ್ತಂಗಡಿಗೆ ಮದುವೆಯಾಗಿ ಹೋದ ಮೇಲೆ ಮನೆಯಲ್ಲಿದ್ದದ್ದು ಗಂಡ ಹೆಂಡತಿ ಇಬ್ಬರೇ. ಇಬ್ಬರ ನಡುವೆ ಜಗಳವಿರಲಿಲ್ಲ. ಜಗಳವಾಡುವಷ್ಟು ಪರಿಚಯವೂ ಇರಲಿಲ್ಲ ಎನ್ನಬೇಕು. "ಚಾ ಆಯ್ತು." "ಬಂದೆ." "ಮೀನು ಎಂತ ತರುದು?" "ಸಿಕ್ಕಿದ್ದು ತನ್ನಿ." ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಲಾಡ್ಜಿನಲ್ಲಿ ಪಕ್ಕದ ಕೋಣೆಯವರು ಇದಕ್ಕಿಂತ ಹೆಚ್ಚು ಮಾತಾಡಿಕೊಳ್ಳುತ್ತಾರೆ. ಅಜ್ಮಾನಿನ ರೂಮಿನಲ್ಲಿ ಒಂದರ ಮೇಲೊಂದು ಮಂಚದಲ್ಲಿ ಮಲಗುತ್ತಿದ್ದಾಗಲೂ ರವೂಫ್‌ಗೆ ಇಷ್ಟು ಒಂಟಿತನ ಕಾಡಿರಲಿಲ್ಲ. ಅಲ್ಲಿ ಒಂಟಿಯಾಗಿರಲು ಒಂದು ಕಾರಣವಾದರೂ ಇತ್ತು.

ಅವನಿಗೆ ಬೇಕಾಗಿದ್ದದ್ದು ಒಂದೇ. ಮನೆಯಲ್ಲಿ ಏನಾದರೊಂದು ಕೆಡಬೇಕು, ಜುಲೈಕಾ ಹಿತ್ತಿಲಿನಿಂದ "ಇದಾ, ಒಮ್ಮೆ ಬನ್ನಿ" ಎಂದು ಕರೆಯಬೇಕು. ಕರೆದರೆ ಸಾಕು, ಉಳಿದದ್ದೆಲ್ಲ ತನ್ನಿಂದ ತಾನೇ ಸರಿಯಾಗುತ್ತದೆ ಎಂದು ಅವನು ನಂಬಿದ್ದ. ಆದರೆ ಅವಳು ಕರೆಯುತ್ತಿರಲಿಲ್ಲ. ಕೆಟ್ಟದ್ದನ್ನು ತಾನೇ ಸರಿಮಾಡಿ ಕೈ ತೊಳೆದುಕೊಳ್ಳುತ್ತಿದ್ದಳು.

ಇದನ್ನೆಲ್ಲ ಅವಳಿಗೆ ಕಲಿಸಿದವನು ಅವನೇ. ಅಲ್ಲಿಂದ ವಾಟ್ಸಾಪಿನಲ್ಲಿ ಕರೆ ಮಾಡಿದರೆ ಹೋಗುತ್ತಿರಲಿಲ್ಲ, ಮಾತನ್ನು ತುಂಬಿಸಿ ಕಳಿಸಿದರೆ ಮಾತ್ರ ಹೋಗುತ್ತಿತ್ತು. ಅದಕ್ಕೆ ಗಲ್ಫಿನವರ ಮನೆಗಳಲ್ಲಿ ವಾಯ್ಸ್ ಎನ್ನುತ್ತಾರೆ. ಸಂಸಾರವೆಲ್ಲ ವಾಯ್ಸಿನಲ್ಲೇ ನಡೆಯುತ್ತದೆ. ನಲ್ಲಿ ಕೆಟ್ಟರೆ ಅವಳು ಫೋಟೋ ತೆಗೆದು ಕಳಿಸುವಳು, ಅವನು ಕೆಲಸ ಬಿಟ್ಟು ಬಂದು ವಾಯ್ಸ್ ಹಾಕುವನು. ನಲ್ಲಿಯ ವಾಷರ್ ಬದಲಿಸುವುದರಿಂದ ಹಿಡಿದು ಫ್ಯೂಸ್ ಕಟ್ಟುವವರೆಗೆ ಅವಳು ಕಲಿತದ್ದು ಹಾಗೆ.

ಊರಿಗೆ ಬಂದ ಮೊದಲ ವಾರ ರವೂಫ್ ಬಹಳ ಹುಮ್ಮಸ್ಸಿನಲ್ಲಿದ್ದ. ಅವಳು ದಾರದಲ್ಲಿ ಕಟ್ಟಿದ್ದು, ಮೇಣ ಮೆತ್ತಿದ್ದು, ಕಡ್ಡಿ ತುರುಕಿ ನಿಲ್ಲಿಸಿದ್ದು ಎಲ್ಲವನ್ನೂ ಕಿತ್ತು ಹೊಸದು ಹಾಕಿದ. ಗಲ್ಫಿನಿಂದ ಬಂದವನನ್ನು ನೋಡಿ ಹೋಗಲು ಪಕ್ಕದ ಮನೆಯ ಶೀನಪ್ಪ ಬಂದಾಗ, ಅವನನ್ನು ಬಾವಿಕಟ್ಟೆಯ ತನಕ ಕರೆದುಕೊಂಡು ಹೋಗಿ, ಪಂಪಿನ ಪೈಪಿಗೆ ಸುತ್ತಿದ್ದ ಸೈಕಲ್ ಟ್ಯೂಬಿನ ಪಟ್ಟಿಯನ್ನು ತೋರಿಸಿದ.

"ನೋಡಿ ಶೀನಪ್ಪಣ್ಣ, ಇದು ನಮ್ಮ ಮನೆಯ ಇಂಜಿನಿಯರ್ ಕೆಲಸ."

"ಇಷ್ಟು ವರ್ಷ ನೀರು ಬಂದಿದೆಯಲ್ಲ ರವೂಫಾಕ" ಎಂದ ಶೀನಪ್ಪ.

"ಅದು ದೇವರ ದಯೆ" ಎಂದು ರವೂಫ್ ನಕ್ಕು, ಪಟ್ಟಿಯನ್ನು ಬಿಚ್ಚಿ ಕಸದ ರಾಶಿಗೆ ಎಸೆದ. ಹೊಸ ಜಾಯಿಂಟು ತಂದು ಹಾಕಿದ. ಚಾ ತಂದ ಜುಲೈಕಾ ಅಲ್ಲೇ ನಿಂತಿದ್ದಳು. ಅವಳೂ ನಕ್ಕಳು ಎಂದೇ ಅವನ ನೆನಪು.

ಮಳೆ ಹಿಡಿಯಲು ಇನ್ನು ಸ್ವಲ್ಪ ದಿನವಿತ್ತು. ಅವತ್ತು ಬೆಳಿಗ್ಗೆ ರವೂಫ್ ವ್ಯಾನಿನ ಮಾಡಿನ ಕಿಂಡಿಯ ಸುತ್ತ ನೀರು ಸೋರದಂತೆ ಹಿಂದಿನ ದಿನ ಹಾಕಿದ ಸಿಲಿಕೋನ್ ಅಂಟನ್ನು ಉಗುರಿನಲ್ಲಿ ಒತ್ತಿ ನೋಡಿದ. ಒಣಗಿತ್ತು. ಇನ್ನು ನೀರು ಬಿಟ್ಟು ಪರೀಕ್ಷೆ ಮಾಡಬೇಕು. ಏಣಿ ಇಟ್ಟು, ಪೈಪನ್ನು ಮೇಲಕ್ಕೆ ಎಳೆದು, ಅಂಗಳದ ನಲ್ಲಿ ತಿರುಗಿಸಿದರೆ ನೀರಿಲ್ಲ. ಟ್ಯಾಂಕಿ ಖಾಲಿ. ಹಿತ್ತಿಲಿನಲ್ಲಿ ಪಂಪು ಗುಂಯ್ ಎನ್ನುತ್ತಿದೆ, ನೀರು ಮಾತ್ರ ಏರುತ್ತಿಲ್ಲ. ಆ ಸದ್ದು ಕೇಳಿದರೆ ಸಾಕು, ಪಂಪು ಗಾಳಿ ಎಳೆದಿದೆ ಎಂದು ಅವನಿಗೆ ಗೊತ್ತು.

ಅವನಿಗೆ ಸಂತೋಷವಾಯಿತು. ಮನೆಯಲ್ಲಿ ನೀರು ನಿಂತದ್ದಕ್ಕೆ ಸಂತೋಷಪಟ್ಟ ಯಜಮಾನ ಇಡೀ ಸಿದ್ಧಕಟ್ಟೆಯಲ್ಲಿ ಬೇರೆ ಇರಲಿಕ್ಕಿಲ್ಲ. ವ್ಯಾನಿನೊಳಗೆ ಹೋಗಿ, ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಒರೆಸಿ ಮಂಚದ ಮೇಲೆ ಸಾಲಾಗಿ ಇಟ್ಟು ಕುಳಿತ. ಕರೆದ ಕೂಡಲೇ ಓಡಬಾರದು, ಎರಡನೇ ಸಲ ಕರೆಯುವಾಗ ಏಳಬೇಕು ಎಂದೂ ನಿಶ್ಚಯಿಸಿಕೊಂಡ. ಪಂಪಿನ ಸದ್ದು ನಿಂತಿತು. ಯಾರೂ ಕರೆಯಲಿಲ್ಲ. ಒರೆಸಿದ ಸ್ಪ್ಯಾನರನ್ನೇ ಇನ್ನೊಮ್ಮೆ ಒರೆಸಿದ. ಕೊನೆಗೆ ಮರ್ಯಾದೆ ಬಿಟ್ಟು ಎದ್ದು, ಒಂದು ಸ್ಪ್ಯಾನರ್ ಹಿಡಿದುಕೊಂಡು ಮನೆಯ ಹಿಂದಕ್ಕೆ ನಡೆದ.

ಮೂಲೆಯ ತನಕ ಹೋದವನು ಅಲ್ಲೇ ನಿಂತ. ಬಾವಿಕಟ್ಟೆಯ ಹತ್ತಿರ ಒಬ್ಬ ಗಂಡಸು ಮಾತಾಡುತ್ತಿದ್ದ.

"ಹೆದರ್‌ಬೇಡ ಜುಲೈಕಾ. ಮೊದಲು ಸ್ವಿಚ್ ತೆಗಿ. ತೆಗ್ದಿಯಾ? ಈಗ ಪಂಪಿನ ಮೇಲೆ ಒಂದು ಬೋಲ್ಟ್ ಉಂಟು ನೋಡು, ಅದನ್ನು ಬಿಚ್ಚು. ಅಲ್ಲಿ ನೀರು ಹೊಯ್ಯಿ, ಗುಳ್ಳೆ ಬರುದು ನಿಲ್ಲುವವರೆಗೆ ಹೊಯ್ಯಿ. ಗಡಿಬಿಡಿ ಬೇಡ. ನಾನು ಇಲ್ಲೇ ಇದ್ದೇನೆ."

ಅದು ಅವನದೇ ದನಿ, ಅಜ್ಮಾನಿನಿಂದ ಎಂದೋ ಹಾಕಿದ ವಾಯ್ಸ್. ಹಿಂದಿನಿಂದ ವರ್ಕ್‌ಶಾಪಿನ ಗ್ರೈಂಡರ್ ಸದ್ದು ಕೇಳುತ್ತಿತ್ತು. ಜುಲೈಕಾ ಇವನಿಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಮೊಬೈಲು ಬಾವಿಕಟ್ಟೆಯ ಮೇಲಿತ್ತು. ಅವಳು ಚೊಂಬಿನಿಂದ ಸಣ್ಣ ಧಾರೆಯಲ್ಲಿ ನೀರು ಹೊಯ್ದು ಬೋಲ್ಟು ಬಿಗಿದಳು. ಆಮೇಲೆ ಒದ್ದೆ ಬೆರಳನ್ನು ಸೀರೆಗೆ ಒರೆಸಿ ಮೊಬೈಲು ಒತ್ತಿದಳು.

"ಆ ಜಾಯಿಂಟಿನಿಂದಲೇ ಗಾಳಿ ಎಳೀತಾ ಉಂಟು ಕಾಣ್ತದೆ. ಆಫ್ರಾಳ ಸೈಕಲಿಂದು ಹಳೆ ಟ್ಯೂಬ್ ಉಂಟಾ? ಅದನ್ನು ಉದ್ದಕ್ಕೆ ಕತ್ತರಿಸಿ, ಎಳೆದೆಳೆದು ಸುತ್ತು. ಕೊನೆಗೆ ಗಂಟು ಹಾಕು."

ಅವಳ ಮಡಿಲಿನಲ್ಲಿ ಆ ಕಪ್ಪು ಪಟ್ಟಿ ಇತ್ತು. ಕಸದ ರಾಶಿಯಿಂದ ಯಾವಾಗ ಹೆಕ್ಕಿ ತಂದಿದ್ದಳೋ. ರವೂಫ್ ಹಾಕಿದ್ದ ಹೊಸ ಜಾಯಿಂಟಿನ ಮೇಲೆ ಅದನ್ನು ಎಳೆದೆಳೆದು ಸುತ್ತತೊಡಗಿದಳು. ಸುತ್ತಿ ಮುಗಿದ ಮೇಲೆ, ಬೇಕೇ ಇಲ್ಲದಿದ್ದರೂ, ಮೂರನೆಯದನ್ನು ಒತ್ತಿದಳು.

"ಫೋಟೋ ನೋಡಿದೆ. ಎಷ್ಟು ಚಂದ ಕಟ್ಟಿದ್ದಿ ಮಾರಾಯ್ತಿ. ನಾನೇ ಬಂದ್ರೂ ಇಷ್ಟು ಚಂದ ಆಗ್ಲಿಕ್ಕಿಲ್ಲ. ಇನ್ನು ಅದನ್ನು ಯಾರೂ ಬಿಚ್ಚುದು ಬೇಡ."

ರವೂಫ್ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ. ಚಪ್ಪಲಿಯ ಸದ್ದಾಗದಂತೆ ನಡೆದ. ವ್ಯಾನು ಹತ್ತಿ ಬಾಗಿಲು ಎಳೆದುಕೊಂಡು ಕುಳಿತ. ಹೇಳಿದವನು ತಾನು, ಹೊಗಳಿದವನು ತಾನು, ಊರಿಗೆ ಬಂದು ನೆರೆಯವನ ಮುಂದೆ ನಕ್ಕು ಬಿಚ್ಚಿ ಎಸೆದವನೂ ತಾನೇ. ಅವನಿಗೆ ಅದು ದಿನದ ಹತ್ತು ಮಾತುಗಳಲ್ಲಿ ಒಂದು ಮಾತಾಗಿತ್ತು, ಹೇಳಿ ಮರೆತಿದ್ದ. ಅವಳಿಗೆ ಇದ್ದದ್ದೇ ಆ ಮಾತು. ಅಷ್ಟು ತಾಳ್ಮೆಯಿಂದ ಮಾತಾಡುತ್ತಿದ್ದ ಆ ಗಂಡಸಿನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಜುಲೈಕಾ ಕಾದದ್ದು ಮೊಬೈಲಿನ ಆ ಗಂಡಸಿಗಾಗಿ. ವಿಮಾನದಿಂದ ಇಳಿದು ಬಂದವನು ಇನ್ಯಾರೋ.

ಹೋಗಿ ಎದುರು ನಿಂತು ಹೇಳೋಣವೆಂದರೆ ಬಾಯಿ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಎದುರು ನಿಂತು ಅವಳೊಂದಿಗೆ ಮಾತಾಡಿದ ಅಭ್ಯಾಸವೇ ಇಲ್ಲ. ರಜೆಯಲ್ಲಿ ಬಂದಾಗೆಲ್ಲ ನೆಂಟರು, ಮದುವೆ, ಪೆಟ್ಟಿಗೆ ಬಿಚ್ಚುವುದು, ಪೆಟ್ಟಿಗೆ ಕಟ್ಟುವುದು. ಅಂಗಳದಲ್ಲಿ ಕುಳಿತು ಅಡುಗೆಮನೆಗೆ ವಾಯ್ಸ್ ಹಾಕುವವನನ್ನು ಊರವರು ಕಂಡರೆ ಏನೆಂದಾರು ಎಂದು ಒಮ್ಮೆ ಅನಿಸಿತು. ವ್ಯಾನಿನ ಬಾಗಿಲು ಮುಚ್ಚಿಯೇ ಇತ್ತು. ಅವನು ಮೊಬೈಲನ್ನು ಬಾಯಿಯ ಹತ್ತಿರ ಹಿಡಿದ.

"ಜುಲೈಕಾ, ಆ ಟ್ಯೂಬು ಕಟ್ಲಿಕ್ಕೆ ಹೇಳಿದ್ದು ನಾನೇ. ನನಗೆ ಮರ್ತು ಹೋಗಿತ್ತು. ಅದನ್ನು ಬಿಚ್ಚಿದ್ದು ತಪ್ಪಾಯ್ತು, ಶೀನಪ್ಪಣ್ಣನ ಎದುರು ನಗಾಡಿದ್ದು ಸಹ ತಪ್ಪಾಯ್ತು." ಇಲ್ಲಿಗೆ ಮಾತು ಮುಗಿದಿತ್ತು. ಆದರೆ ಬೆರಳು ತೆಗೆಯಲು ಮನಸ್ಸಾಗಲಿಲ್ಲ. "ಗಾಡಿಯ ಮಾಡಿಗೆ ನೀರು ಬಿಟ್ಟು ನೋಡ್ಬೇಕು. ನಾನು ಮೇಲೆ ಪೈಪ್ ಹಿಡಿದ್ರೆ ಒಳಗೆ ನೋಡ್ಲಿಕ್ಕೆ ಜನ ಇಲ್ಲ. ನಿನಗೆ ಪುರುಸೊತ್ತು ಉಂಟಾ?"

ಹಿತ್ತಿಲಿನಲ್ಲಿ ಪಂಪು ಮತ್ತೆ ಶುರುವಾಯಿತು. ಈ ಸಲ ಸದ್ದು ತುಂಬಿಕೊಂಡಿತ್ತು. ಸ್ವಲ್ಪ ಹೊತ್ತಿನಲ್ಲಿ ಮಾಡಿನ ಮೇಲೆ ಬಿದ್ದಿದ್ದ ಪೈಪು ಕೆಮ್ಮಿ, ಗಾಳಿ ಉಗುಳಿ, ನೀರು ಬಿಟ್ಟಿತು. ಅವನು ಇಳಿದು ಹೋಗಿ ನಲ್ಲಿ ನಿಲ್ಲಿಸಿ ಬಂದ. ಮೊಬೈಲಿನಲ್ಲಿ ಎರಡು ಗೆರೆಗಳೂ ನೀಲಿಯಾಗಿದ್ದವು. ಅವಳು ಕೇಳಿದ್ದಾಳೆ. ಅಡುಗೆಮನೆಯಲ್ಲಿ ಪಾತ್ರೆ ಇಡುವ ಸದ್ದಾಯಿತು. ಆಮೇಲೆ ಮೊಬೈಲು ನಡುಗಿತು.

"ಟ್ಯೂಬಿನದ್ದು ಬಿಡಿ. ನೀವು ಊರಿಗೆ ಬಂದ ಮೇಲೆ ಒಂದು ವಾಯ್ಸ್ ಸಹ ಬರ್ಲಿಲ್ಲ. ಅಂಗಳದಲ್ಲೇ ಇದ್ದೀರಿ ಅಂತ ಗೊತ್ತಿದ್ದೂ ಫೋನು ನೋಡ್ತಿದ್ದೆ ನಾನು, ಮರುಳಿನ ಹಾಗೆ." ಪಾತ್ರೆಗೆ ಮುಚ್ಚಳ ಹಾಕಿದ ಸದ್ದು. "ನೀರು ಬಂತಲ್ಲ? ಒಮ್ಮೆಲೇ ಜೋರು ಬಿಡ್ಬೇಡಿ. ಒಳಗೆ ನೋಡ್ಲಿಕ್ಕೆ ಜನ ಇಲ್ಲ ಅಂತ ಹೇಳಿದ್ರಲ್ಲ, ಇಷ್ಟು ವರ್ಷ ನನಗೆ ಯಾರಿದ್ರು? ಒಬ್ಬರೇ ಮಾಡಿ ನೋಡಿ, ಬರ್ತದೆ. ಗಡಿಬಿಡಿ ಬೇಡ. ನಾನು ಇಲ್ಲೇ ಇದ್ದೇನೆ. ಸೋರಿದರೆ ವಾಯ್ಸ್ ಹಾಕಿ."

ರವೂಫ್ ಅದನ್ನು ಎರಡು ಸಲ ಕೇಳಿದ. ಆಮೇಲೆ ಏಣಿ ಹತ್ತಿ, ಅವಳು ಹೇಳಿದ ಹಾಗೆಯೇ ಮೊದಲು ಸಣ್ಣಗೆ ನೀರು ಬಿಟ್ಟ. ಇಳಿದು ಒಳಗೆ ಹೋಗಿ ನೋಡಿದ. ಒಣಗಿತ್ತು. ಮತ್ತೆ ಹತ್ತಿ ಜೋರಾಗಿ ಬಿಟ್ಟ, ಇಳಿದು ನೋಡಿದ. ಒಣಗಿತ್ತು. ಮೂರನೆಯ ಸಲ ಮಾಡಿನ ಮೇಲೆ ನೀರು ಹೊಳೆಯಂತೆ ಹರಿದು ಅಂಗಳ ಕೆಸರಾಯಿತು. ಮಂಡಿ ನೋಯುತ್ತಿತ್ತು. ಒಳಗೆ ಹೋಗಿ ಕಿಂಡಿಯ ನಾಲ್ಕು ಮೂಲೆಗಳನ್ನೂ ಬೆರಳಿನಿಂದ ಮುಟ್ಟಿದ, ಕೆಳಗಿನ ಮಂಚವನ್ನು ಅಂಗೈಯಲ್ಲಿ ಒತ್ತಿದ. ಎಲ್ಲಿಯೂ ಒಂದು ಹನಿ ಇಲ್ಲ. ಬಾವಿಕಟ್ಟೆಯ ಜಾಯಿಂಟು ಕೈಕೊಟ್ಟಿರಬಹುದು, ಇದು ಮಾತ್ರ ಅಪ್ಪಟ ಕೆಲಸ. ಇಂಥ ಕೆಲಸಕ್ಕೆ ಅಜ್ಮಾನಿನಲ್ಲಿ ಅರಬಿಗಳು ಬೆನ್ನು ತಟ್ಟುತ್ತಿದ್ದರು.

ಅಡುಗೆಮನೆಯ ಕಿಟಕಿ ವ್ಯಾನಿನಿಂದ ಕಾಣುತ್ತಿತ್ತು. ಜುಲೈಕಾ ಕಾಣುತ್ತಿರಲಿಲ್ಲ. ಮಾಡಿನ ನೀರೆಲ್ಲ ಇಳಿದು ಹೋಗಿ ಸದ್ದು ನಿಲ್ಲುವವರೆಗೆ ಅವನು ಒಣಗಿದ ಮಂಚದ ಮೇಲೆ ಕುಳಿತಿದ್ದ. ತನ್ನ ಕೈಯ ಕೆಲಸವನ್ನು ಕೆಟ್ಟದೆಂದು ಅವನು ಜೀವಮಾನದಲ್ಲಿ ಯಾರ ಮುಂದೆಯೂ ಒಪ್ಪಿಕೊಂಡವನಲ್ಲ. ಮೊಬೈಲು ಎತ್ತಿಕೊಂಡು ಬೆರಳು ಒತ್ತಿದ.

"ಸೋರ್ತಾ ಉಂಟು ಜುಲೈಕಾ" ಎಂದ. "ಎಂತ ಮಾಡುದು, ಹೇಳು."