ನಾನು ನುಂಗದ ಅಣಬೆ

ಚಪ್ ಚಪ್ ಸದ್ದು, ಹಿಮಸಾರಂಗ ಪಾಚಿ ಮೇಯುವ ಹಾಗೆ, ನನ್ನ ಹೆಂಡತಿ ಯೆತ್ನೆ ಅಗಿಯುತ್ತಿದ್ದಾಳೆ, ಒಣಗಿದ ಕೆಂಪು ಅಣಬೆ ಅವಳ ದವಡೆಯಲ್ಲಿ ಮೆತ್ತಗಾಗುತ್ತಿದೆ, ಉಳಿದಿರುವುದು ನಾಲ್ಕೇ ಹಲ್ಲು, ಆ ನಾಲ್ಕರಲ್ಲೇ ಬಂಡೆಯನ್ನೂ ಹದ ಮಾಡಿಯಾಳು — ನಿಧಾನವಾಗಿ ಅಗಿಯೇ, ಇನ್ನೂ ನಿಧಾನ, ಮುಗಿದರೆ ಉಂಡೆ ಕಟ್ಟಿ ನನ್ನ ಬಾಯಿಗಿಡುತ್ತೀಯೆ, ನಾನು ನುಂಗಬೇಕು, ಈ ಸಲ ನಿಜವಾಗಿ. ನಿಜವಾಗಿ ಎಂದೆನೇ? ಸದ್ಯ, ಮನಸ್ಸಿಗೆ ಬಾಯಿಲ್ಲ. ಇಡೀ ಕೊರ್ಯಾಕ್ ನಾಡಿನಲ್ಲಿ ಅಣಬೆ ತಿಂದು ಮೇಲಿನೂರಿಗೆ ಹನ್ನೊಂದು ಸಲ ಹೋಗಿ, ಸತ್ತವರ ಜೊತೆ ಚಹಾ ಕುಡಿದು ಬಂದವನು ನಾನೊಬ್ಬನೇ, ಹುಲ್ಲುಕಡ್ಡಿ ಮರದ ದಿಮ್ಮಿಯಾಗಿ ಕಂಡು ಆಳೆತ್ತರ ನೆಗೆದವನು, ಏಳು ಹೊಳೆಯಾಚೆಯ ನಾಯಿಗಳೂ ನನ್ನ ಹೆಸರು ಕೇಳಿದರೆ ಎದ್ದು ನಿಲ್ಲುತ್ತವೆ. ಅದಕ್ಕೇ ಸೊಸೆ ಹೆತ್ತಾಗ ಎಲ್ಲರೂ ನನ್ನನ್ನೇ ಹಿಡಿದರು, ಹೋಗಿ ನೋಡ್ಕೊಂಡ್ ಬಾರಪ್ಪಾ, ಯಾವ ಹಿರಿಯರು ತಿರುಗಿ ಹುಟ್ಟಿದ್ದಾರೆ ಅಂತ, ಹೆಸರಿಡ್ಬೇಕಲ್ಲ. ಆವತ್ತು ಉಂಡೆಯನ್ನು ನುಂಗದೆ ಕೆನ್ನೆಯಲ್ಲಿ ಒತ್ತಿಟ್ಟುಕೊಂಡೆ, ಕೈಗವಸಿನೊಳಕ್ಕೆ ಉಗುಳಿದೆ, ಕಣ್ಣು ತೇಲಿಸಿ ಹಾಡಿದೆ, ಬಿದ್ದೆ, ಎದ್ದೆ, ಅಪ್ಪ ಬಂದಿದ್ದಾನೆ ಎಂದೆ, ನುತೆವ್ಗಿ ಎನ್ನಿ, ಮೂರು ಕರಡಿ ಕೊಂದವನ ಹೆಸರು (ಎರಡು, ಸರಿ, ಒಂದು, ಅದೂ ಮುದಿಯದು). ಹೆಸರು ಕಿವಿಗೆ ಬಿದ್ದದ್ದೇ ತಡ, ಮಗು ಮೊಲೆ ಬಿಟ್ಟಿತು. ಎರಡು ದಿನ. ಮುಚ್ಚಿದ ತುಟಿ, ಅದರ ಮೇಲೆ ಒಂದು ಹನಿ ಹಾಲು, ಒಳಗೂ ಹೋಗದೆ ಕೆಳಗೂ ಬೀಳದೆ. ಇವತ್ತು ಅಳುವನ್ನೂ ನಿಲ್ಲಿಸಿದೆ. ಬೆಳಿಗ್ಗೆ ಸೊಸೆ ಕಾವಾವ್ ಕೇಳಿದಳು, ಮಾವಾ, ಹೆಸರೇನಾದ್ರೂ ತಪ್ಪಿರ್ಬೋದಾ? ನನಗಿಂತ ಮೊದಲು ಯೆತ್ನೆ ಬಾಯಿ ಹಾಕಿದಳು, ಇವ್ನು ತಪ್ತಾನಾ, ಮೇಲಿನೂರು ಇವ್ನಿಗೆ ಅತ್ತೆ ಮನೆ ಇದ್ದ ಹಾಗೆ, ಇನ್ನೊಂದ್ಸಲ ಹೋಗ್ಲಿ, ನುಂಗಿದ್ಮೇಲೆ ಮಾತ್ರ ನಾಲಗೆ ಎತ್ತಿ ತೋರಿಸ್ಲಿ. ಬಂತು ಉಂಡೆ. ಏ ಮುದ್ಕಾ, ಆ ಅನ್ನು. ಆ. ಎತ್ತು ನಾಲಗೆ. ಎತ್ತಿದೆ. ಹೋಯಿತು, ಹೊಟ್ಟೆಯೊಳಗೆ ಹೋಯಿತು, ಮೂರು ಅಣಬೆ, ಎಷ್ಟು ತಿಂದರೆ ಅಷ್ಟು ಕುಳ್ಳರು ಬರುತ್ತಾರಂತೆ, ಕತ್ತಿಲ್ಲದ ಅಣಬೆ ಕುಳ್ಳರು, ಅವರು ಹೇಳಿದ್ದನ್ನು ಮಾಡಲೇಬೇಕಂತೆ — ಅಂತೆ, ಎಲ್ಲ ಅಂತೆ, ನನಗೇನು ಗೊತ್ತು, ಗೊತ್ತಿದ್ದವನು ಅಣ್ಣ. ಬೆವರು. ಕೈ ದೂರ ಹೋಗುತ್ತಿದೆ, ಚಹಾದ ಬಟ್ಟಲು ದೋಣಿಯಷ್ಟಾಗುತ್ತಿದೆ, ಒಲೆಯ ಬಳಿ ಒಬ್ಬ, ಇಬ್ಬರು, ಮೂವರು, ಹೇಳು ಎನ್ನುತ್ತಿದ್ದಾರೆ, ಹೇಳು, ಮುಚ್ಚಿದ ತುಟಿ, ಹಾಲಿನ ಹನಿ, ಹೇಳೋ. ಬಾಯಿ ತಾನಾಗಿ ತೆರೆಯಿತು, ನಾನು ಹೋಗೇ ಇಲ್ಲ, ಒಂದ್ಸಲಾನೂ ಇಲ್ಲ, ಹೋಗ್ತಿದ್ದೋನು ಅಣ್ಣ ಆಯ್ವಲಾನ್, ಎದ್ದ ಮೇಲೆ ನನಗೊಬ್ಬನಿಗೇ ಹೇಳ್ತಿದ್ದ, ಹೊಳೆ ಮೇಲಿನ ಮಂಜುಗಡ್ಡೆ ಒಡೆದು ಅವನು ಮುಳುಗಿ ಹೋದ್ಮೇಲೆ ಅವನ ಪಯಣವೆಲ್ಲ ನಂದು ಅಂದೆ, ಅವನೇ ಹುಟ್ಟಿ ಬಂದಿದ್ರೆ ನಾಳೆ ಮಾತು ಕಲಿತು ಇವೆಲ್ಲ ನಂದೋ ತಮ್ಮಾ ಅಂದ್ರೆ? ಆ ಭಯಕ್ಕೆ ಅಪ್ಪನ ಹೆಸರು ಹೇಳಿದೆ. ಬೈಯುತ್ತಾಳೆಂದುಕೊಂಡೆ. ಯೆತ್ನೆ ಇಷ್ಟೇ ಎಂದಳು, ಗೊತ್ತು ಕಣೋ, ಇವತ್ತು ಬೆಳಿಗ್ಗೆ ಕೈಗವಸು ಒಣಹಾಕೋವಾಗ ಉಂಡೆ ಸಿಕ್ತು. ಕಾವಾವ್ ನನ್ನತ್ತ ತಿರುಗಿಯೂ ನೋಡಲಿಲ್ಲ, ಮಗುವಿನ ಕಿವಿಗೆ ಬಾಗಿದಳು, ಆಯ್ವಲಾನ್, ನೀನೇನಪ್ಪಾ, ಬಂದ್ಯಾ? ತುಟಿ ಅಲುಗಿತು — ಅಲುಗಿತೆ? ಹನಿ ಸರೋವರದಷ್ಟಾಗಿದೆ, ನಾವೆಲ್ಲ ಅದರೊಳಗೆ ತಲೆಕೆಳಗಾಗಿ ಕೂತಿದ್ದೇವೆ, ಇದು ಅಣಬೆ ತೋರಿಸುತ್ತಿರುವುದೋ ನಿಜವೋ, ಬಾಯಿ ತುಂಬ ಸುಳ್ಳು ಹೇಳಿದವನು ನನ್ನ ಕಣ್ಣನ್ನೇ ಹೇಗೆ ನಂಬಲಿ, ಯೆತ್ನೆ, ನೀನು ನೋಡೇ, ನೀನು ನೋಡಿ ಹೇಳೇ, ಹನಿ ಕಾಣುತ್ತಿಲ್ಲ, ಒಳಗೆ ಹೋಯಿತೋ, ಕೆಳಗೆ ಬಿತ್ತೋ, ತುಟಿ, ಹನಿಯಿದ್ದ ಜಾಗ, ಒದ್ದೆ, ತುಟಿ —